ಡಬ್ಬಿ ಖಾಲಿಯಾಗುವ ತನಕ

2019ರ ಆಗಸ್ಟ್ 24, ಶನಿವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ, ಸಿಯೆರಾ ನೆವಾಡ ಬೆಟ್ಟಗಳ ನಡುವಿನ ಒಂದು ಕುದುರೆ ಲಾಯದ ಬೇಲಿಗೆ ಒರಗಿಕೊಂಡು, ನನ್ನನ್ನು ಮದುವೆಯಾಗುತ್ತೀಯಾ ಎಂದು ಊನಾ ಹಾಲ್ವರ್ಸನ್‌ಳನ್ನು ಕೇಳಿದೆ. ಸಮಯ ಇಷ್ಟು ಕರಾರುವಾಕ್ಕಾಗಿ ನೆನಪಿರುವುದಕ್ಕೆ ಪ್ರೇಮ ಕಾರಣವಲ್ಲ. ಅದಕ್ಕೆ ಒಂದು ನಿಮಿಷ ಮೊದಲು ನಮ್ಮ ಪುಟ್ಟ ಒಲೆಗೆ ತಿರುಗಿಸುವ ಹೊಸ ಗ್ಯಾಸ್ ಡಬ್ಬಿಯನ್ನು ತೂಗಿ, ತೂಕವನ್ನೂ ವೇಳೆಯನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೆ.

ಊನಾ ನೆಲದ ಮೇಲೆ ಕೂತು ಹತ್ತು ದಿನದ ಬೆಟ್ಟದ ನಡಿಗೆಗೆ ಬೇಕಾದ ಊಟವನ್ನು ಕರಡಿ ಡಬ್ಬಿಯೊಳಗೆ ತುರುಕುತ್ತಿದ್ದಳು. ಕರಡಿಗೆ ತೆರೆಯಲು ಬಾರದಂಥ ಆ ದಪ್ಪ ಪ್ಲಾಸ್ಟಿಕ್ ಡಬ್ಬಿಯನ್ನು ಮೊಣಕಾಲುಗಳ ನಡುವೆ ಇರುಕಿಸಿಕೊಂಡು, ಟಾರ್ಟಿಯಾ ರೊಟ್ಟಿಗಳನ್ನು ಸುರುಳಿ ಸುತ್ತಿ ಸಂದಿಗೊಂದು ಸೇರಿಸುತ್ತಿದ್ದಳು. ನನ್ನ ಪ್ರಶ್ನೆ ಕೇಳಿ ಕೈ ನಿಲ್ಲಿಸಿದಳು. ತಲೆಯೆತ್ತಿ ನನ್ನ ಕೈಗಳನ್ನು ನೋಡಿದಳು.

"ಉಂಗುರ ಎಲ್ಲೋ?"

"ಮನೇಲಿದೆ."

"ಮನೇಲಿ ಯಾಕಿದೆ?"

"ನಾಲ್ಕು ಗ್ರಾಂ ಇದೆ ಅದು."

ಈ ಉತ್ತರ ಕೊಡುವಾಗ ನನ್ನ ಬಲಗೈಯಲ್ಲಿ ತಕ್ಕಡಿ ಇತ್ತು. ಕೊಕ್ಕೆಯಿರುವ ಪುಟ್ಟ ತಕ್ಕಡಿ. ಅದರ ತೂಕವೇ ಮೂವತ್ತೊಂದು ಗ್ರಾಂ. ಹದಿನೈದು ವರ್ಷಗಳಿಂದ ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿ, ಅಂಗಿಯ ಚೀಟಿ ಕಿತ್ತು, ನಕ್ಷೆಯ ಅಂಚು ಕೊಯ್ದು ಬೆನ್ನಿನ ಹೊರೆ ಕಮ್ಮಿ ಮಾಡಿಕೊಂಡು ಬಂದವನು ನಾನು. ಆ ಕ್ಷಣದವರೆಗೂ ನನ್ನ ಉತ್ತರದಲ್ಲಿ ಏನೂ ತಪ್ಪು ಕಂಡಿರಲಿಲ್ಲ.

ಊನಾ ನಕ್ಕಳು. ಅವಳು ವೈಸೇಲಿಯಾದ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ವಾದ್ಯಮೇಳ ಕಲಿಸುತ್ತಾಳೆ; ಅವಳ ನಗುವಿನಲ್ಲಿ ಹಿತ್ತಾಳೆಯ ಸ್ವರವಿದೆ. ಲಾಯದ ಹೇಸರಗತ್ತೆಗಳೆಲ್ಲ ಹುಲ್ಲು ಬಿಟ್ಟು ನಮ್ಮ ಕಡೆ ತಿರುಗಿದವು. ಈ ದಾರಿಗಳಲ್ಲಿ ನಡೆಯುವವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ನಡೆಯುವುದಿಲ್ಲ, ಜೊತೆಗೆ ನಡೆದವರು ಇಟ್ಟದ್ದೇ ಹೆಸರು. ಅವಳು ತುತ್ತೂರಿ. ಫ್ರೆಸ್ನೋ ನಗರದ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವ ಲೈಲ್ ಪೆಟ್ರಾಕಿಸ್ ಎಂಬ ನಾನು ಇಲ್ಲಿ ತಕ್ಕಡಿ.

"ಉತ್ತರ ಹೇಳ್ತೀನಿ ಕಣೋ ತಕ್ಕಡಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಮೊದಲು ನೀನು ಒಂದು ಹೇಳು. ಈ ಗ್ಯಾಸ್ ಡಬ್ಬಿ ಎಷ್ಟು ದಿನ ಬರುತ್ತೆ?"

ಜಗತ್ತಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಅದು. ನಾನು ಮದುವೆಯ ಮಾತನ್ನೇ ಮರೆತೆ. ಡಬ್ಬಿಯಲ್ಲಿ ಇನ್ನೂರ ಮೂವತ್ತು ಗ್ರಾಂ ಗ್ಯಾಸ್ ಇದೆ. ಒಂದು ಲೀಟರ್ ನೀರು ಕಾಯಿಸಲು ಹದಿಮೂರು ಗ್ರಾಂ ಚಿಲ್ಲರೆ ಬೇಕು. ಬೆಳಿಗ್ಗೆ ಇಬ್ಬರಿಗೂ ಸೇರಿ ಅರ್ಧ ಲೀಟರ್ ಕಾಫಿ, ಸಂಜೆ ಊಟಕ್ಕೆ ಮುಕ್ಕಾಲಿಗೆ ಒಂಚೂರು ಕಮ್ಮಿ. ಬೆಟ್ಟದ ಹೊಳೆಯ ನೀರು ಮನೆಯ ನಲ್ಲಿ ನೀರಿಗಿಂತ ತಣ್ಣಗಿರುವುದರಿಂದ ಹೆಚ್ಚು ಗ್ಯಾಸ್ ಬೇಡುತ್ತದೆ. ಆದರೆ ಎತ್ತರದಲ್ಲಿ ನೀರು ಎಂಬತ್ತೊಂಬತ್ತು ಡಿಗ್ರಿಗೇ ಕುದಿಯುವುದರಿಂದ ಅಷ್ಟೇ ಉಳಿತಾಯವೂ ಆಗುತ್ತದೆ. ಇದನ್ನೆಲ್ಲ ಸವಿಸ್ತಾರವಾಗಿ ವಿವರಿಸಿ ಹೇಳಿದೆ: "ಹತ್ತು ದಿನಕ್ಕೆ ನೂರ ಐವತ್ತಾರು ಗ್ರಾಂ ಸಾಕು. ಎಪ್ಪತ್ನಾಲ್ಕು ಉಳಿಯುತ್ತೆ."

"ಉಳಿದಿದ್ದನ್ನ ಏನು ಮಾಡ್ತೀಯ?"

"ಮನೆಗೆ ತಗೊಂಡು ಹೋಗ್ತೀನಿ."

"ಆ ಶೆಲ್ಫಿಗೆ."

"ಹೌದು, ಶೆಲ್ಫಿಗೆ."

ನನ್ನ ಗ್ಯಾರೇಜಿನಲ್ಲಿ ಒಂದು ಶೆಲ್ಫ್ ಇದೆ. ಅದರ ಮೇಲೆ ಅರೆಬರೆ ಗ್ಯಾಸಿರುವ ಹತ್ತೊಂಬತ್ತು ಡಬ್ಬಿಗಳಿವೆ. ಬೆಟ್ಟ ನಡೆಯುವವರ ಮನೆಯಲ್ಲೆಲ್ಲ ಇಂಥ ಡಬ್ಬಿಗಳು ಎಲ್ಲೋ ಒಂದು ಮೂಲೆಯಲ್ಲಿ ಇರುತ್ತವೆ, ಯಾಕೆಂದರೆ ಹೊರಡುವಾಗ ಅರ್ಧ ಡಬ್ಬಿಯನ್ನು ಯಾರೂ ನಂಬುವುದಿಲ್ಲ; ಹೊಸದನ್ನೇ ಕೊಂಡು, ಅದನ್ನೂ ಅರ್ಧ ಮಾಡಿ ತರುತ್ತಾರೆ. ನನ್ನವು ತೂಕದ ಪ್ರಕಾರ ಸಾಲಾಗಿ ನಿಂತಿವೆ, ಪ್ರತಿಯೊಂದಕ್ಕೂ ತಾರೀಖಿನ ಪಟ್ಟಿ ಅಂಟಿಸಿದೆ, ಅಷ್ಟೇ ವ್ಯತ್ಯಾಸ. ಹಿಂದಿನ ವರ್ಷ ಊನಾ ಮೊದಲ ಸಲ ಅದನ್ನು ನೋಡಿದಾಗ ಒಂದೊಂದು ಪಟ್ಟಿಯನ್ನೂ ಬಗ್ಗಿ ಓದಿದ್ದಳು. ಮೆಚ್ಚಿಕೊಂಡಳು ಎಂದುಕೊಂಡಿದ್ದೆ.

"ನಮ್ಮಪ್ಪ ಒಳ್ಳೇ ವೈನ್ ಬಾಟಲಿ ಎಲ್ಲಾ ನೆಲಮಾಳಿಗೇಲಿ ಇಟ್ಟಿದ್ದ," ಎಂದಳು ಈಗ. "ಯಾವತ್ತಾದರೂ ಒಂದು ಒಳ್ಳೇ ದಿನ ಬಂದರೆ ಇರಲಿ ಅಂತ. ನಾನು ಹುಟ್ಟಿದೆ, ತೆಗೀಲಿಲ್ಲ. ಕಾಲೇಜು ಮುಗಿಸಿದೆ, ತೆಗೀಲಿಲ್ಲ. ಅವನು ಹೋದ ಮೇಲೆ ನಾವೇ ತೆಗೆದು ನೋಡಿದ್ವಿ, ನಲವತ್ತೆರಡು ಬಾಟಲಿನೂ ಹುಳಿ. ನಾನು ಇನ್ನೊಂದು ಶೆಲ್ಫ್ ಜೊತೆ ಸಂಸಾರ ಮಾಡಲ್ಲ, ಲೈಲ್."

ಅವಳು ನನ್ನನ್ನು ಲೈಲ್ ಎಂದು ಕರೆದದ್ದು ಕೇಳಿ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟೆ.

"ಹಾಗಾದ್ರೆ ಇಲ್ಲ ಅಂತಾನಾ?"

"ಹಾಗಂದ್ನಾ? ಈ ಡಬ್ಬಿ ಖಾಲಿಯಾದ ಕ್ಷಣ ಉತ್ತರ ಹೇಳ್ತೀನಿ. ಈ ನಡಿಗೆ ಮುಗಿಯೋದ್ರೊಳಗೆ ಖಾಲಿ ಆಗ್ಲಿಲ್ವಾ, ಡಬ್ಬೀನ ಶೆಲ್ಫ್ ಮೇಲೆ ಇಡು, ನಿನ್ನ ಪ್ರಶ್ನೇನೂ ಪಕ್ಕದಲ್ಲೇ ಇಡು. ಚೀಟಿ ಅಂಟಿಸೋದು ಮರೀಬೇಡ. ಗ್ಯಾಸ್ ಸುಮ್ಮನೆ ಬಿಡೋ ಹಾಗಿಲ್ಲ. ಕಾದಿದ್ದು ಯಾರದಾದರೂ ಹೊಟ್ಟೆಗೆ ಹೋಗಬೇಕು."

ನಾನು ಪುಸ್ತಕ ತೆಗೆದು ನಿಯಮಗಳನ್ನು ಬರೆದುಕೊಂಡೆ. ಅವಳು ಮತ್ತೆ ನಕ್ಕಳು. ಹೇಸರಗತ್ತೆಗಳು ಈ ಸಲ ತಲೆ ಎತ್ತಲಿಲ್ಲ.

ಹೀಗೆ ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ, ಗ್ಯಾಸ್ ಬೇಗ ಮುಗಿಯಲಿ ಎಂದು ಹಾರೈಸುತ್ತ ನಾನು ಬೆಟ್ಟ ಹತ್ತತೊಡಗಿದೆ. ಆಗಸ್ಟ್ ತಿಂಗಳಲ್ಲಿ ಅಲ್ಲಿ ಕಟ್ಟಿಗೆ ಬೆಂಕಿ ಹಾಕುವಂತಿಲ್ಲ. ಒಣಗಿದ ಕಾಡು ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಬಿಸಿ ಎಂಬುದೆಲ್ಲ ಡಬ್ಬಿಯಿಂದಲೇ ಬರಬೇಕು, ಹಾಗಾಗಿ ಅದನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ನನ್ನ ಕೈಗಳು ಜೋಪಾನದ ಹೊರತು ಬೇರೇನೂ ಕಲಿತಿರಲಿಲ್ಲ. ಮೊದಲ ಮಧ್ಯಾಹ್ನ ದಾರಿ ಪಕ್ಕ ಒಲೆ ಹೂಡಿ, ಲೆಕ್ಕದಲ್ಲಿಲ್ಲದ ಒಂದು ಪಾತ್ರೆ ಚಹಾ ಮಾಡಿದೆ. ಗಾಳಿಗೆ ಅಡ್ಡವಾಗಿಡುವ ತಗಡನ್ನು ಬೇಕೆಂದೇ ಚೀಲದಲ್ಲಿ ಬಿಟ್ಟಿದ್ದೆ.

"ತಗಡು ಎಲ್ಲಿ?" ಎಂದಳು ಊನಾ.

"ಮರೆತೆ."

"ನೀನಾ? ಮರೆತೆಯಾ? ಗಾಳಿಗೆ ಹೋಗಿದ್ದು ಯಾರ ಹೊಟ್ಟೆಗೆ ಹೋದಂಗಾಯ್ತು? ಮೋಸ! ಇಡು, ಇಡು."

ತಗಡು ಇಟ್ಟೆ. ಮುಚ್ಚಳವನ್ನಂತೂ ನನ್ನ ಕೈ ನನ್ನನ್ನು ಕೇಳದೆಯೇ ಮುಚ್ಚಿತ್ತು.

ಎರಡನೆಯ ದಿನ ನನಗೆ ಅರ್ಥವಾದದ್ದೇನೆಂದರೆ, ಗ್ಯಾಸಿಗಿಂತ ಮೊದಲು ಮನುಷ್ಯನ ಹೊಟ್ಟೆ ಸೋಲುತ್ತದೆ. ಬೆಳಿಗ್ಗೆ ಕಾಫಿ, ಹತ್ತಕ್ಕೆ ಚಹಾ, ಮಧ್ಯಾಹ್ನ ಪೊಟ್ಟಣದ ಸಾರು. ಎವಲ್ಯೂಷನ್ ಸರೋವರ ತಲುಪುವಷ್ಟರಲ್ಲಿ ನಾನು ಹನ್ನೊಂದು ಸಲ ಬಂಡೆಯ ಹಿಂದೆ ಹೋಗಿ ಬಂದಿದ್ದೆ. ಊನಾ ದಾರಿಯಲ್ಲಿ ಕೂತು ಎಣಿಸುತ್ತಿದ್ದಳು. ಪ್ರತಿ ಸಲ ಹಿಂತಿರುಗಿದಾಗ ಬಾಯಲ್ಲೇ ಒಂದು ವಿಜಯಗೀತೆ ಊದುತ್ತಿದ್ದಳು.

ಸರೋವರದ ದಂಡೆಯಲ್ಲಿ ಒಬ್ಬ ಮುದುಕಿ ಕಲ್ಲಿನ ಮೇಲೆ ಕೂತು ಪ್ಲಾಸ್ಟಿಕ್ ಜಾಡಿಯಿಂದ ಏನನ್ನೋ ಚಮಚದಲ್ಲಿ ತಿನ್ನುತ್ತಿದ್ದರು. ಎಪ್ಪತ್ತೊಂದು ವರ್ಷ, ಸ್ಯಾಕ್ರಮೆಂಟೋದಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತರಾದವರು. ಒಲೆಯನ್ನೇ ಹೊರದೆ, ತಣ್ಣೀರಿನಲ್ಲಿ ಎಲ್ಲವನ್ನೂ ನೆನೆಹಾಕಿ ತಿನ್ನುವವರು ಈ ದಾರಿಗಳಲ್ಲಿ ಒಂದು ಪಂಥವೇ ಇದ್ದಾರೆ; ಇವರು ಆ ಪಂಥದವರು. ಹೆಸರು ಜಾಡಿಯಮ್ಮ.

"ಏನು ಊಟ, ಜಾಡಿಯಮ್ಮ?" ಊನಾ ಕೇಳಿದಳು.

"ಬೀನ್ಸ್ ಕಾಳು ಅಂತ ಪೊಟ್ಟಣದ ಮೇಲೆ ಬರೆದಿದೆ. ಮಧ್ಯಾಹ್ನ ನೆನೆಹಾಕಿದ್ದು. ಜಲ್ಲಿಕಲ್ಲಿಗೆ ಖಾರದಪುಡಿ ಹಾಕ್ದಂಗಿದೆ. ಆದ್ರೆ ಬೆನ್ನು ಹಗುರ, ನೋಡು."

ನನ್ನೊಳಗೆ ಒಂದು ದೀಪ ಹತ್ತಿತು. ನಿಯಮದಲ್ಲಿ 'ಯಾರದಾದರೂ ಹೊಟ್ಟೆ' ಎಂದಿತ್ತು. ನನ್ನದೇ ಆಗಬೇಕೆಂದೇನೂ ಇರಲಿಲ್ಲ.

"ಬಿಸಿನೀರು ಬೇಕಾ ನಿಮಗೆ?" ಎಂದೆ. ಆ ಮಾತನ್ನು ಜೀವನದಲ್ಲಿ ಮೊದಲ ಸಲ ಆಡಿದ್ದೆ.

ಜಾಡಿಯಮ್ಮ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. "ಯಾಕಪ್ಪಾ? ಏನಾಗಿದೆ ನಿನಗೆ? ಎತ್ತರಕ್ಕೆ ತಲೆ ತಿರುಗ್ತಿದೆಯಾ?"

ಊನಾ ಎಲ್ಲವನ್ನೂ ಹೇಳಿದಳು, ಉಂಗುರದ ನಾಲ್ಕು ಗ್ರಾಂ ಸಮೇತ. ಅಜ್ಜಿ ಬಂಡೆಗೆ ಕೈಯೂರಿ ನಕ್ಕರು. ಅರ್ಧ ಲೀಟರ್ ನೀರು ಕಾಯಿಸಿ ಜಾಡಿಗೆ ಸುರಿದೆ. ಕಾಳು ಉಬ್ಬಿತು, ಆವಿ ಎದ್ದಿತು. ಅವರು ಜಾಡಿಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಬಹಳ ಹೊತ್ತು ತಿನ್ನದೆ ಕೂತರು.

"ಬಿಸಿ ಊಟ ಮುಟ್ಟಿ ಹನ್ನೆರಡು ದಿನ ಆಗಿತ್ತು," ಎಂದರು ಕೊನೆಗೆ. "ನಮ್ಮ ಪಂಥದವರಿಗೆ ಹೇಳಬೇಡ ಮಾರಾಯ. ನನ್ನ ಮರ್ಯಾದೆ ಹೋಗುತ್ತೆ."

ಅವರು ತಮ್ಮ ಮರ್ಯಾದೆಯ ಬಗ್ಗೆ ಬಾಯಿ ಬಿಡದಿದ್ದರೂ ನನ್ನ ಬಗ್ಗೆ ಬಿಟ್ಟರು. ಈ ದಾರಿಯಲ್ಲಿ ಟೆಲಿಫೋನು ಸಿಗುವುದಿಲ್ಲ, ಆದರೆ ಸುದ್ದಿ ಮನುಷ್ಯನಿಗಿಂತ ಎರಡು ಮೈಲಿ ಮುಂದೆ ನಡೆಯುತ್ತದೆ. ಆಗಸ್ಟ್ 27ರ ಸಂಜೆ ನಾವು ಪ್ಯಾಲಿಸೇಡ್ ಸರೋವರದ ಬಳಿ ಗುಡಾರ ಹಾಕುತ್ತಿದ್ದಾಗ, ಓರೆಗಾನಿನ ನಾಲ್ವರು ನಿವೃತ್ತ ಅಗ್ನಿಶಾಮಕರು ಕೈಯಲ್ಲಿ ಪಾತ್ರೆ ಹಿಡಿದು ಸಾಲಾಗಿ ಬಂದು ನಿಂತರು. ಮುಂದಾಳು ಹೊಟ್ಟೆ ಮುಂದೆ ಬಂದ ಬಿಳಿ ಮೀಸೆಯ ಮನುಷ್ಯ, ಹೆಸರು ಬಕೆಟ್. ಅವರ ಹಿಂದೆ ಜಾಡಿ ಹಿಡಿದ ಜಾಡಿಯಮ್ಮ.

"ಇಲ್ಲಿ ಯಾರೋ ಗ್ಯಾಸ್ ಖಾಲಿ ಮಾಡಿ ಮದುವೆ ಆಗ್ತಾರಂತೆ, ಹೌದಾ?" ಎಂದ ಬಕೆಟ್. "ಮೂವತ್ತು ವರ್ಷ ಬೆಂಕಿ ಆರಿಸಿದವರು ನಾವು. ಇವತ್ತು ಉರಿಸೋಕೆ ಸಹಾಯ ಮಾಡೋಣ ಅಂತ ಬಂದ್ವಿ."

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದೆ. ನನ್ನ ಧ್ವನಿ ಮದುವೆ ಮನೆಯಲ್ಲಿ ಎಲೆ ಹಾಕುವವನ ಧ್ವನಿಯಂತೆ ನನಗೇ ಕೇಳಿಸಿತು.

ಅಂದು ಒಲೆ ಒಂದೂವರೆ ಗಂಟೆ ಉರಿಯಿತು. ಆಲೂಗಡ್ಡೆ ಪುಡಿಗೆ ಬಿಸಿನೀರು, ನೂಡಲ್ಸಿಗೆ ಬಿಸಿನೀರು, ಚಾಕಲೇಟ್ ಪುಡಿಗೆ ಬಿಸಿನೀರು. ಪಾತ್ರೆಯೊಂದು ಕೆಳಗಿಳಿಯುವ ಮೊದಲೇ ಇನ್ನೊಂದು ತುಂಬಿ ನಿಂತಿರುತ್ತಿತ್ತು. ಯಾರೋ ಎರಡನೇ ಸಲ ಕಾಫಿ ಕೇಳಿದರು. ನಾನು ಮೂರನೇ ಸಲಕ್ಕೂ ಒತ್ತಾಯ ಮಾಡಿದೆ. ಕತ್ತಲಾಗುವ ಮೊದಲು ತೂಗಿ ನೋಡಿದೆ: ಒಳಗೆ ನೂರ ಎರಡು ಗ್ರಾಂ ಮಾತ್ರ. ನಾಲ್ಕೇ ದಿನದಲ್ಲಿ ನೂರ ಇಪ್ಪತ್ತೆಂಟು ಗ್ರಾಂ ಖರ್ಚು! ನಾನು ಆ ಅಂಕಿಯನ್ನು ಗಟ್ಟಿಯಾಗಿ ಓದಿದೆ. ಬಕೆಟ್ ಚಪ್ಪಾಳೆ ತಟ್ಟಿದ. ಊನಾ ಮಾತ್ರ ತುಟಿಯ ಒಂದು ಮೂಲೆಯಲ್ಲಿ ನಗುತ್ತ ಪಾತ್ರೆ ತೊಳೆಯುತ್ತಿದ್ದಳು.

ಹೀಗೇ ಹೋದರೆ ಇನ್ನು ಮೂರು ದಿನ ಎಂದು ಲೆಕ್ಕ ಹಾಕಿ ಮಲಗಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಮನುಷ್ಯರ ವಿಷಯದಲ್ಲಿ ಇತ್ತು. ಮರುದಿನ ಬೆಳಿಗ್ಗೆ ನಾನು ಒಲೆಗೆ ಡಬ್ಬಿ ತಿರುಗಿಸುತ್ತಿದ್ದಂತೆ ಬಕೆಟ್ ಎರಡು ಲೋಟ ಕಾಫಿ ಹಿಡಿದು ಬಂದ.

"ಏಯ್, ಏಯ್, ಮದುಮಗ ಒಲೆ ಹಚ್ಚೋದಾ? ಇಡು ಕೆಳಗೆ. ನಿನ್ನೆ ನೀನು ಹಾಕಿದೆ, ಇವತ್ತು ನಾವು."

"ಬೇಡ ಬಕೆಟ್, ನಿಜವಾಗ್ಲೂ ಬೇಡ. ನಾನು ಈ ಡಬ್ಬಿ ಮುಗಿಸಬೇಕು."

"ಗೊತ್ತು ಗೊತ್ತು. ಆದ್ರೆ ಉಂಡ ಮನೆಯವರಿಗೆ ವಾಪಸ್ ಉಣಿಸದೆ ಹೋಗೋಕಾಗುತ್ತಾ? ನಮಗೂ ಒಂದು ಇದು ಇದೆ."

ಬಿಸಿನೀರು ಪಡೆದವರು ಬಿಸಿನೀರು ಕೊಡದೆ ಬಿಡುವುದಿಲ್ಲ. ಈ ದಾರಿಯಲ್ಲಿ ಅದು ಯಾರೂ ಬರೆದಿಡದ ಕಾನೂನು. ಮೂರು ದಿನ ಅವರು ನಮ್ಮನ್ನು ಬಿಡಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಗುಡಾರದ ಬಾಗಿಲಲ್ಲಿ ಆವಿಯಾಡುವ ಲೋಟ. ಸಂಜೆ ನಾವು ತಲುಪುವ ಹೊತ್ತಿಗೆ ನಮ್ಮ ಪಾಲಿನ ಅನ್ನ, ಒಣ ಮಾಂಸದ ಸಾರು ತಯಾರು. ನಾನು ಅವರಿಗಿಂತ ಮೊದಲು ತಲುಪಬೇಕೆಂದು ಪಿಂಚೋ ಘಟ್ಟವನ್ನು ಓಡಿ ಹತ್ತಿದೆ. ಅರವತ್ತಾರು ವರ್ಷದ ಬಕೆಟ್ ಕೂಡ, ಹಟಕ್ಕೆ ಬಿದ್ದು, ಹೊಟ್ಟೆ ಹಿಡಿದುಕೊಂಡು ನನ್ನ ಹಿಂದೆಯೇ ಓಡಿ ಬಂದ. ಮೇಲೆ ಇಬ್ಬರೂ ಉಸಿರಿಲ್ಲದೆ ಬಂಡೆಯ ಮೇಲೆ ಅಂಗಾತ ಬಿದ್ದೆವು. ಅವನ ಕೈಯಲ್ಲಿ ಆಗಲೇ ಲೈಟರ್ ಇತ್ತು.

ಆ ಮೂರು ದಿನಗಳಲ್ಲಿ ನಾನು ಕಾಯಿಸಿದ್ದು ಬರೀ ಒಂದೂವರೆ ಲೀಟರ್. ಒಳಗೆ ಎಂಬತ್ತೆರಡು ಗ್ರಾಂ ಹಾಗೇ ಕೂತಿತ್ತು.

"ಏನೋ, ಮುಖ ಸಪ್ಪಗಿದೆ?" ಊನಾ ಕೇಳಿದಳು. ಫಾರೆಸ್ಟರ್ ಘಟ್ಟದ ಕೆಳಗೆ, ಕೊನೆಯ ಮರಗಳ ನಡುವೆ ಗುಡಾರ ಹಾಕುತ್ತಿದ್ದೆವು.

"ನಾನು ಕೊಟ್ಟಷ್ಟೂ ವಾಪಸ್ ಬರ್ತಿದೆ."

"ಅಯ್ಯೋ ಪಾಪ," ಎಂದಳು. ಅವಳ ಮುಖದಲ್ಲಿ ಮರುಕ ಚೂರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೂಟ ಹೊಡೆಯುವುದನ್ನು ನಿಲ್ಲಿಸಿ, "ನಾನೇನು ಆರಾಮಾಗಿದ್ದೀನಿ ಅಂದ್ಕೊಂಡ್ಯಾ? ನಾನೂ ಕಾಯ್ತಾ ಇದ್ದೀನಿ," ಎಂದು ಹೇಳಿ ಮತ್ತೆ ಹೊಡೆಯತೊಡಗಿದಳು. ಆ ಮಾತಿಗೆ ಏನು ಅರ್ಥವೆಂದು ನಾನು ಕೇಳಲಿಲ್ಲ. ಕೇಳಿದರೆ ಅದು ಉತ್ತರವಾಗಿಬಿಟ್ಟೀತು ಎಂಬ ಭಯ.

ಆಗಸ್ಟ್ 31ರ ಬೆಳಿಗ್ಗೆ ಆರು ಗಂಟೆಗೆ, ಅಗ್ನಿಶಾಮಕರು ಏಳುವ ಮೊದಲು, ಕಳ್ಳನ ಹಾಗೆ ಹೊರಗೆ ಬಂದು ಒಲೆ ಹಚ್ಚಿದೆ. ಉಷ್ಣಮಾಪಕ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ ತೋರಿಸುತ್ತಿತ್ತು. ಜ್ವಾಲೆ ನೀಲಿಯಾಗಿ ಎದ್ದಿತು, ಕುಗ್ಗಿತು, ಬಿಕ್ಕಿತು, ಆರಿತು. ಮತ್ತೆ ಹಚ್ಚಿದೆ. ಮತ್ತೆ ಆರಿತು.

"ಖಾಲಿ!" ಎಂದು ಕೂಗಿದೆ. "ಊನಾ! ಖಾಲಿ ಆಯ್ತು! ಏಳು, ಏಳು!"

ಸುತ್ತಲಿನ ಗುಡಾರಗಳಿಂದ ಆರು ತಲೆಗಳು ಹೊರಬಂದವು. ಊನಾ ಮಲಗುಚೀಲ ಸಮೇತ ಕುಪ್ಪಳಿಸಿಕೊಂಡು ಬಂದಳು. ಡಬ್ಬಿಯನ್ನು ಬಿಚ್ಚಿ, ವಾದ್ಯದ ಶ್ರುತಿ ನೋಡುವವಳಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ದ್ರವ ಚುಳುಚುಳು ಎಂದಿತು.

"ರಸಾಯನಶಾಸ್ತ್ರದಲ್ಲಿ ನಿನಗೆ ಡಿಗ್ರಿ ಕೊಟ್ಟವರು ಯಾರು ಮಾರಾಯ?"

ಚಳಿಯಲ್ಲಿ ಡಬ್ಬಿಯ ಗ್ಯಾಸ್ ಸೋಮಾರಿಯಾಗುತ್ತದೆ. ಒಳಗಿದ್ದರೂ ಆವಿಯಾಗಿ ಮೇಲೇಳುವುದಿಲ್ಲ. ಹೊಸಬರು ಖಾಲಿಯೆಂದು ಎಸೆಯಲು ಹೋದ ಡಬ್ಬಿಗಳನ್ನು ಕಿತ್ತುಕೊಂಡು ನಾನೇ ಎಷ್ಟು ಸಲ ಅವರಿಗೆ ಇದನ್ನು ವಿವರಿಸಿದ್ದೇನೆ. ಹಿಂದಿನ ಸಂಜೆಯಷ್ಟೇ ಎಂಬತ್ತೆರಡು ಎಂದು ನನ್ನ ಕೈಯಾರೆ ಬರೆದಿದ್ದೆ. ಆದರೂ ಕೂಗಿದ್ದೆ. ಆಸೆ ಬಲವಾಗಿರುವಾಗ ಅಳತೆಯೂ ಕಣ್ಣಿಗೆ ಕಾಣುವುದಿಲ್ಲವೆಂದು ನನಗೆ ನಲವತ್ತಾರನೇ ವಯಸ್ಸಿನಲ್ಲಿ ಗೊತ್ತಾಯಿತು. ಜಾಡಿಯಮ್ಮ ತಮ್ಮ ಗುಡಾರದಿಂದಲೇ, "ಇವತ್ತು ಹಬ್ಬದ ಊಟ ಅಂದ್ಕೊಂಡು ಹಲ್ಲುಸೆಟ್ ಹಾಕ್ಕೊಂಡು ಬಿಟ್ಟಿದ್ದೆ ಕಣೋ," ಎಂದರು.

ಅದೇ ಮಧ್ಯಾಹ್ನ ಘಟ್ಟದ ತುದಿಗೆ ಇನ್ನು ಅರ್ಧ ಮೈಲಿ ಇರುವಾಗ ಆಕಾಶ ಕಪ್ಪಾಯಿತು. ಗುಡುಗು ಬೆಟ್ಟದಿಂದ ಬೆಟ್ಟಕ್ಕೆ ಉರುಳಿತು. ಆಲಿಕಲ್ಲು ಬಟಾಣಿಯ ಗಾತ್ರದಲ್ಲಿ ಶುರುವಾಗಿ ಗೋಲಿಯ ಗಾತ್ರಕ್ಕೆ ಬೆಳೆಯಿತು. ಏಳು ಜನವೂ ಒಂದು ಚಾಚಿದ ಬಂಡೆಯ ಕೆಳಗೆ ನುಗ್ಗಿ, ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತೆವು. ಜಾಡಿಯಮ್ಮ ಪೂರ್ತಿ ತೊಯ್ದಿದ್ದರು. ತುಟಿ ಬಣ್ಣ ತಿರುಗಿತ್ತು, ಮಾತಾಡಲು ಹೋದರೆ ಹಲ್ಲು ಮಾತ್ರ ಮಾತಾಡುತ್ತಿದ್ದವು.

ಬಕೆಟ್ ತನ್ನ ದೊಡ್ಡ ಒಲೆ ತೆಗೆದು ಹಚ್ಚಿದ. ಹತ್ತಲಿಲ್ಲ. ಡಬ್ಬಿ ಅಲ್ಲಾಡಿಸಿ ನನ್ನನ್ನು ನೋಡಿದ. "ನಮ್ಮದು ಮುಗೀತು. ಮೂರು ದಿನ ನಿನಗೇ ಉಣಿಸಿದ್ವಲ್ಲೋ ಮದುಮಗ!"

ಊನಾ ಆಗಲೇ ಅಜ್ಜಿಯ ಒದ್ದೆ ಅಂಗಿ ತೆಗೆದು ತನ್ನ ಒಣ ಕೋಟು ತೊಡಿಸುತ್ತಿದ್ದಳು. ನಾನು ನಮ್ಮ ಡಬ್ಬಿಯನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿ ಒಲೆಗೆ ತಿರುಗಿಸಿದೆ. ಉಳಿದವರು ಪಾತ್ರೆಗೆ ಆಲಿಕಲ್ಲನ್ನೇ ಬಾಚಿ ತುಂಬಿದರು. ಸಕ್ಕರೆ ಹಾಕಿದ ಬಿಸಿನೀರು ಮೊದಲು ಅಜ್ಜಿಗೆ, ಆಮೇಲೆ ಪೊಟ್ಟಣಗಳೆಲ್ಲ ಒಟ್ಟಿಗೆ ಹರಿದು ಹಾಕಿದ ಸಾರು ಎಲ್ಲರಿಗೆ. ಕೋಳಿ ಸಾರು, ಟೊಮೇಟೊ ಸಾರು, ಬಟಾಣಿ ಸಾರು ಎಲ್ಲಾ ಒಂದೇ ಪಾತ್ರೆಯಲ್ಲಿ. ಬಣ್ಣ ನೋಡಲಾಗದಂತಿತ್ತು. ಒಂದು ಪಾತ್ರೆ ಮುಗಿಯಿತು, ಇನ್ನೊಂದು ಇಟ್ಟೆ. ಯಾರೂ ಕೇಳದಿದ್ದರೂ ಮತ್ತೊಂದು ಇಟ್ಟೆ.

ಮೂರನೇ ಲೋಟದ ಹೊತ್ತಿಗೆ ಜಾಡಿಯಮ್ಮನ ಕೆನ್ನೆಗೆ ಬಣ್ಣ ಬಂತು. "ಇದು ಯಾವ ಸಾರು?" ಎಂದರು, ಈಗ ಸ್ಪಷ್ಟವಾಗಿ.

"ಎಲ್ಲಾದೂ," ಎಂದ ಬಕೆಟ್.

"ಭಯಂಕರವಾಗಿದೆ. ಇನ್ನೊಂಚೂರು ಹಾಕು."

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಆಲಿಕಲ್ಲು ಬಂಡೆಗೆ ಬಡಿಯುವ ಸದ್ದಿನಲ್ಲಿ ಏಳು ಜನ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಒಬ್ಬರ ಹೊಟ್ಟೆ ಕುಲುಕಿದರೆ ಪಕ್ಕದವರ ಲೋಟ ತುಳುಕುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಮೋಡ ಹರಿದು, ಬಿಳಿ ಹಾಸಿದ ಘಟ್ಟದ ಮೇಲೆ ಬಿಸಿಲು ಬಿತ್ತು. ನಾವು ಹತ್ತಿ, ದಾಟಿ, ಇಳಿದೆವು. ಡಬ್ಬಿಯನ್ನು ತೂಗಬೇಕಿತ್ತು ಎಂಬುದು ನನಗೆ ನೆನಪಾದದ್ದು ಸಂಜೆ, ಪುಸ್ತಕದಲ್ಲಿ ಆ ದಿನದ ಸಾಲು ಖಾಲಿ ಇರುವುದನ್ನು ಕಂಡಾಗ. ಪೆನ್ನಿಗೆ ಮುಚ್ಚಳ ಹಾಕಿದೆ. ನಂತರ ಪುಸ್ತಕ ಮುಚ್ಚ ಹೋದೆ. ಊನಾ ನೋಡುತ್ತಿದ್ದಳು.

"ಬರೀಲ್ವಾ?"

"ಎಷ್ಟಿದೆ ಅಂತ ಗೊತ್ತಿಲ್ಲ."

"ತೂಗು ಮತ್ತೆ."

"ಬೇಡ," ಎಂದೆ. "ಇದ್ದಷ್ಟು ಇರಲಿ."

ಆ ಸಂಜೆ ಅವಳ ಶಿಳ್ಳೆ ನಿಲ್ಲಲೇ ಇಲ್ಲ.

ಸೆಪ್ಟೆಂಬರ್ ಒಂದರ ಮಧ್ಯಾಹ್ನ ಮೂರು ಗಂಟೆಗೆ ಗಿಟಾರ್ ಸರೋವರ ತಲುಪಿದೆವು. ಮರುದಿನ ವಿಟ್ನಿ ಶಿಖರ ಹತ್ತಿ ಆ ಕಡೆ ಇಳಿದರೆ ನಡಿಗೆ ಮುಗಿಯಿತು. ಅಗ್ನಿಶಾಮಕರೂ ಜಾಡಿಯಮ್ಮನೂ ದಾರಿಯಲ್ಲಿ ಹಿಂದೆ ಉಳಿದಿದ್ದರು. ಬೆಳಿಗ್ಗೆಯ ಕಾಫಿ, ದಾರಿಯ ಚಹಾ, ಈಗ ಬೇಗನೆ ಮಾಡಿದ ಒಂದು ಪೂರ್ತಿ ಲೀಟರಿನ ಊಟ. ಇಷ್ಟೆಲ್ಲ ಆದರೂ ಜ್ವಾಲೆ ಗಟ್ಟಿಯಾಗಿಯೇ ಇತ್ತು. ಮೂರುಸಾವಿರದ ಐನೂರು ಮೀಟರ್ ಎತ್ತರದಲ್ಲಿ, ನಮಗಿಬ್ಬರಿಗೂ ಹೊಟ್ಟೆ ಬಿರಿಯುತ್ತಿತ್ತು. ಇನ್ನೊಂದು ಲೋಟ ಚಹಾ ಎಂದರೆ ನನಗೆ ವಾಕರಿಕೆ ಬರುವಂತಿತ್ತು. ಸುತ್ತ ಹೊಟ್ಟೆಯಿರುವ ಬೇರೆ ಪ್ರಾಣಿಯೆಂದರೆ ಒಂದು ಮಾರ್ಮಟ್. ದಪ್ಪ ಅಳಿಲಿನಂಥ ಅದು ನನ್ನ ಬೆವರಿನ ಉಪ್ಪಿಗಾಗಿ ಕೈಗೋಲಿನ ಹಿಡಿ ನೆಕ್ಕುತ್ತಿತ್ತು.

"ನೀನು ಚಹಾ ಕುಡೀತೀಯಾ?" ಎಂದು ಅದನ್ನೇ ಕೇಳಿದೆ.

ಊನಾ ಬೂಟು ಬಿಚ್ಚಿ ಕಾಲು ಚಾಚಿ ಕೂತಿದ್ದಳು. ಟೋಪಿ ತೆಗೆದು ತಲೆಗೆ ಕೈ ಹಾಕಿ ಮುಖ ಕಿವುಚಿದಳು. ಒಂಬತ್ತು ದಿನದ ಧೂಳು, ಬೆವರು, ಬಿಸಿಲಿಗೆ ಹಚ್ಚಿದ ಕ್ರೀಮು ಎಲ್ಲ ಸೇರಿ ಕೂದಲು ಹಗ್ಗವಾಗಿತ್ತು.

"ತಕ್ಕಡಿ."

"ಏನು?"

"ನನಗೆ ತಲೆಸ್ನಾನ ಮಾಡಬೇಕು. ಬಿಸಿನೀರಲ್ಲಿ."

ನಾನು ಅವಳ ಮುಖ ನೋಡಿದೆ. "ಹೊಟ್ಟೆಗೆ ಹೋಗಬೇಕು ಅಂದಿದ್ದೆ. ಬರೆದುಕೊಂಡಿದ್ದೀನಿ."

"ನಿಯಮ ನಂದು. ತಲೇನೂ ನಂದು. ನೀರಿಡ್ತೀಯೋ ಇಲ್ವೋ?"

ಗ್ಯಾಸಿನಲ್ಲಿ ಸ್ನಾನದ ನೀರು ಕಾಯಿಸುವುದೆಂದರೆ ನಮ್ಮಂಥವರ ನಡುವೆ ಹೇಳಿಕೊಳ್ಳಲಾಗದ ಪಾಪ. ನಾನು ಸರೋವರದಿಂದ ನೀರು ಹೊತ್ತು, ಸಾಬೂನು ನೀರಿಗೆ ಸೇರದಂತೆ ದಂಡೆಯಿಂದ ಎಪ್ಪತ್ತು ಹೆಜ್ಜೆ ದೂರದ ಮರಳಿನಲ್ಲಿ ಒಲೆ ಹೂಡಿದೆ. ಮುಕ್ಕಾಲು ಲೀಟರ್ ನೀರು ಕುದಿಯಿತು. ತಣ್ಣೀರು ಬೆರೆಸಿ ಹದ ಮಾಡಿದೆ. ಅವಳು ಮಂಡಿಯೂರಿ ತಲೆ ಬಗ್ಗಿಸಿದಳು. ನೀರು ಸುರಿದಾಗ ಅವಳ ಬಾಯಿಂದ ಹೊರಟ ಸ್ವರ ಯಾವ ವಾದ್ಯದಲ್ಲೂ ಇಲ್ಲ. ಮಾರ್ಮಟ್ ಓಡಿಹೋಯಿತು.

"ಇನ್ನೊಂದು ಪಾತ್ರೆ ಇಡು," ಎಂದಳು, ಬೆರಳುಗಳಲ್ಲಿ ನೊರೆ ಎಬ್ಬಿಸುತ್ತ. "ಕಿವಿ ಹಿಂದೆ ಎಲ್ಲ ಮಣ್ಣಿದೆ. ಅಯ್ಯೋ ದೇವರೇ, ಇದು ಸ್ವರ್ಗ ಕಣೋ."

ಎರಡನೇ ಪಾತ್ರೆ ಇಟ್ಟೆ. ನೀರಿನ ತಳದಲ್ಲಿ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳತೊಡಗಿದ್ದವು. ಆಗ ಒಲೆಯ ಸದ್ದು ತೆಳ್ಳಗಾಯಿತು. ನೀಲಿ ಉಂಗುರ ಕುಗ್ಗಿ ಕುಗ್ಗಿ ನಾಣ್ಯದಷ್ಟಾಯಿತು, ಒಂದು ಸಲ ಹಳದಿ ಬಣ್ಣಕ್ಕೆ ಹಾರಿ ಬಿದ್ದು, ಪುಸ್ ಎಂದು ಹೋಯಿತು. ಬಿಸಿಲು ಚುರುಕಾಗಿತ್ತು, ಡಬ್ಬಿ ಕೈಗೆ ಬೆಚ್ಚಗಿತ್ತು. ಚಳಿಯ ನೆಪ ಹೇಳುವಂತಿರಲಿಲ್ಲ.

ಒಂಬತ್ತು ದಿನ ಈ ಕ್ಷಣಕ್ಕಾಗಿ ಓಡಿದವನಿಗೆ, ಇದು ಇನ್ನೂ ಒಂದು ದಿನ ತಡವಾಗಿ ಬರಬಾರದಿತ್ತೇ ಎನಿಸಿತು. ಉತ್ತರ ಗೊತ್ತಿಲ್ಲದ ಹೊತ್ತು ಎಷ್ಟು ಸಿಹಿಯಾಗಿತ್ತು! ಮರಳಿನ ಮೇಲೆ ಮಂಡಿಯೂರಿದ ಊನಾ, ಕಣ್ಣು ಮುಚ್ಚಿ, ತಲೆತುಂಬ ಬಿಳಿ ನೊರೆ ಹೊತ್ತು ಕಾಯುತ್ತಿದ್ದಳು.

"ಏನೋ, ಸದ್ದು ನಿಂತುಹೋಯ್ತು?"

"ಊನಾ."

"ಹೇಳು."

"ಮುಗೀತು."

ಗಾಳಿ ಬೀಸಿತು. ನೊರೆಯ ಒಂದು ಉಂಡೆ ಅವಳ ಕೆನ್ನೆಯ ಮೇಲೆ ಜಾರಿತು. ಅವಳ ಭುಜಗಳು ಕುಲುಕುತ್ತಿದ್ದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲು ಬಗ್ಗಿ ನೋಡಬೇಕಾಯಿತು. ಎರಡೂ ಇತ್ತು.

"ಮದುವೆ ಆಗ್ತೀನಿ ಕಣೋ," ಎಂದಳು. "ಆ ಬೇಲಿ ಹತ್ರಾನೇ ಅನ್ನಬೇಕು ಅಂತ ನಾಲಿಗೆ ತುದೀಲಿತ್ತು. ಒಂಬತ್ತು ದಿನ ಕಚ್ಚಿ ಹಿಡ್ಕೊಂಡಿದ್ದೀನಿ. ಆಯ್ತಲ್ಲ, ಈಗ ತಣ್ಣೀರಾದ್ರೂ ಹಾಕು, ಕಣ್ಣು ಉರೀತಿದೆ!"

ಉಗುರುಬೆಚ್ಚಗಿದ್ದ ಪಾತ್ರೆಯನ್ನು ಮೊದಲು ಸುರಿದೆ. ಸಾಲಲಿಲ್ಲ. ಸರೋವರಕ್ಕೆ ಓಡಿ, ಹಿಮ ಕರಗಿದ ನೀರು ತುಂಬಿಕೊಂಡು ಓಡಿ ಬಂದು ಸುರಿದೆ. ಅವಳು ಕಿರುಚಿದ ಸದ್ದು ಎದುರಿನ ಬಂಡೆಗೋಡೆಗೆ ಬಡಿದು, ಒಮ್ಮೆ ಅಲ್ಲ, ಎರಡು ಸಲ ಹಿಂತಿರುಗಿ ಬಂತು. ಮತ್ತೆ ಓಡಿದೆ, ಮತ್ತೆ ಸುರಿದೆ. ಕೊನೆಗೆ ಇಬ್ಬರೂ ನಡುಗುತ್ತ, ನನ್ನ ಕೋಟನ್ನು ಅವಳ ತಲೆಗೆ ಸುತ್ತಿ, ಬಿಸಿಬಂಡೆಯ ಮೇಲೆ ಒತ್ತಿಕೊಂಡು ಕೂತೆವು. ಬಹಳ ಹೊತ್ತಿನ ಮೇಲೆ ಪುಸ್ತಕ ತೆಗೆದೆ. ಫಾರೆಸ್ಟರ್ ಘಟ್ಟದ ದಿನದಿಂದ ಮುಂದೆ ಹಾಳೆ ಖಾಲಿ ಇತ್ತು.

"ಈ ಒಂದು ಡಬ್ಬೀಲಿ ಎಷ್ಟು ನೀರು ಕಾಯ್ತು ಅಂತ ಈಗ ಯಾರಿಗೂ ಗೊತ್ತಾಗಲ್ಲ," ಎಂದೆ. ನಿಜ ಹೇಳಬೇಕೆಂದರೆ ಅದರ ಬಗ್ಗೆ ನನಗೆ ಹೆಚ್ಚು ಬೇಸರವಿರಲಿಲ್ಲ.

"ನನಗೆ ಗೊತ್ತು," ಎಂದಳು ಊನಾ, ಕೋಟಿನ ಒಳಗಿಂದ. "ಇಪ್ಪತ್ತು ವರ್ಷದಿಂದ ಮಕ್ಕಳಿಗೆ ತಾಳ ಎಣಿಸ್ತಿರೋಳು ನಾನು. ಮೊದಲನೇ ದಿನದಿಂದ ಒಂದೊಂದು ಪಾತ್ರೇನೂ ಎಣಿಸಿದ್ದೀನಿ. ಬರ್ಕೋ."

ಬರೆದುಕೊಂಡೆ: ಹದಿನೇಳೂವರೆ ಲೀಟರ್.